ಕಪೊಲೇ, ಎವಾ ಕಡೆ ಮನೆ ನೋಡುವುದು ಹೇಗೆ?

ಹವಾಯಿಯ ಒವಾಹು ದ್ವೀಪಕ್ಕೆ ಕೆಲಸದ ಮೇಲೆ ಬಂದವರು ಮೊದಮೊದಲು ಹೊನೊಲುಲುವಿನಲ್ಲೇ ಒಂದು ಸಣ್ಣ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿಯುತ್ತಾರೆ. ಮಗು ಹುಟ್ಟಿದ ಮೇಲೋ, ಅಪ್ಪ ಅಮ್ಮ ಬಂದು ಆರು ತಿಂಗಳು ಇರುವಂತಾದ ಮೇಲೋ ಸ್ವಂತ ಮನೆ ಬೇಕು ಅನ್ನಿಸುತ್ತದೆ. ಆಗ ಎಲ್ಲರೂ ಹೇಳುವ ಹೆಸರು ಒಂದೇ, ಕಪೊಲೇ. ದ್ವೀಪದ ಪಶ್ಚಿಮದಲ್ಲಿ, ಎವಾ ಬಯಲಿನಲ್ಲಿ ಯೋಜನೆ ಹಾಕಿ ಕಟ್ಟುತ್ತಿರುವ ಊರು. ಹೊಸ ಮನೆ ಜಾಸ್ತಿ ಸಿಗುವುದು ಅಲ್ಲೇ. ನಾನೂ ಆ ಕಡೆಯೇ ಇರುವವಳು. ಕನ್ನಡದವರು ಯಾರಾದರೂ ಮನೆ ನೋಡಲು ಬಂದರೆ ಜೊತೆಗೆ ಹೋಗುತ್ತೇನೆ. ಅವರಿಗೆ ಕಾರಿನಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮನೆ ಮೊದಲು ಬರುತ್ತದೆ, ಊರು ಆಮೇಲೆ ಬರುತ್ತದೆ. ಮಾರುವವರ ಆಫೀಸಿನ ಗೋಡೆಯ ಮೇಲಿನ ನಕ್ಷೆಯಲ್ಲಿ ಶಾಲೆ, ಪಾರ್ಕ್, ಅಂಗಡಿ ಸಾಲು, ರೈಲು ಎಲ್ಲವೂ ಒಂದೇ ಥರ ಚೆಂದ ಕಾಣುತ್ತವೆ. ಆ ನಕ್ಷೆಯ ಒಂದು ಪ್ರತಿ ಕೇಳಿ ತಗೊಳ್ಳಿ. ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ. ಕಟ್ಟಿ ಮುಗಿದು ಜನ ಬಳಸುತ್ತಿರುವುದಕ್ಕೆ ಹಸಿರು. ಕೆಲಸ ನಡೆಯುತ್ತಿರುವುದಕ್ಕೆ ಹಳದಿ. ಬರೀ ಗೆರೆಯಾಗಿರುವುದಕ್ಕೆ ಕೆಂಪು. ಹೀಗೆ ಗುರುತು ಹಾಕುತ್ತಾ ಕಾರಿನಲ್ಲಿ ಒಂದು ಸುತ್ತು ಬನ್ನಿ. ಹಸಿರಿನ ಮೇಲೆ ಮಾತ್ರ ನಿಮ್ಮ ಲೆಕ್ಕ ಹಾಕಿ. ಹಳದಿ ಬಂದರೆ ಸಂತೋಷ. ಕೆಂಪಿಗೆ ಒಂದು ಡಾಲರೂ ಜಾಸ್ತಿ ಕೊಡಬೇಡಿ.

ಈ ಊರು ಇಲ್ಲೇ ಯಾಕೆ?

ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. 1877ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಎಂಬ ಐರ್ಲೆಂಡ್ ಮೂಲದ ವ್ಯಾಪಾರಿ ಈ ಎವಾ ಬಯಲು ಸೇರಿದ ಹೊನೊವುಲಿವುಲಿ ಪ್ರದೇಶದ ಸುಮಾರು 41,000 ಎಕರೆಯನ್ನು 95,000 ಡಾಲರ್‌ಗೆ ಕೊಂಡ. ಒಣ ಬಯಲು, ದನ ಮೇಯಿಸುವುದಕ್ಕಷ್ಟೇ ಸರಿ ಅನ್ನುವಂಥ ಜಾಗ. 1879ರಲ್ಲಿ ಅಲ್ಲಿ ಕೊಳವೆ ಬಾವಿ ಕೊರೆಸಿದ. ನೀರು ತಾನಾಗಿ ಮೇಲೆ ಉಕ್ಕಿತು. ಹವಾಯಿಯಲ್ಲಿ ಹಾಗೆ ಉಕ್ಕಿದ ಮೊದಲ ಬಾವಿ ಅದು. ಆಮೇಲೆ ಸುಮಾರು ನೂರು ವರ್ಷ ಇಲ್ಲಿ ಕಬ್ಬೇ ಕಬ್ಬು. ದ್ವೀಪದ ಜನ ಎಲ್ಲ ಹೊನೊಲುಲುವಿನ ಸುತ್ತಲೇ ತುಂಬಿಕೊಂಡಾಗ, 1977ರ ಒವಾಹು ಯೋಜನೆಯಲ್ಲಿ ಎರಡನೇ ನಗರ ಎವಾ ಬಯಲಿನಲ್ಲೇ ಆಗಲಿ ಅಂತ ಬರೆದರು. ಸಮತಟ್ಟು ನೆಲ, ಮಳೆ ಕಡಿಮೆ, ಬಹುಪಾಲು ಜಮೀನು ಕ್ಯಾಂಪ್‌ಬೆಲ್ ಬಿಟ್ಟುಹೋದ ಒಂದೇ ಎಸ್ಟೇಟಿನ ಕೈಯಲ್ಲಿ. ಯೋಜನೆ ಹಾಕುವವರಿಗೆ ಇನ್ನೇನು ಬೇಕು? 1995ರಲ್ಲಿ ಒವಾಹು ಶುಗರ್ ಕಂಪನಿಯೂ ಬಾಗಿಲು ಹಾಕಿತು. ಕಬ್ಬಿನ ಗದ್ದೆಗಳು ಒಂದೊಂದಾಗಿ ಬಡಾವಣೆಗಳಾದವು.

ಹಾಗಾಗಿ "ಕಪೊಲೇ" ಅಂತ ಜಾಹೀರಾತಿನಲ್ಲಿ ಕಂಡರೆ ಯಾವ ಕಪೊಲೇ ಅಂತ ಕೇಳಿ. ಬೆಟ್ಟದ ಇಳಿಜಾರಿನಲ್ಲಿರುವ ಮಕಕೀಲೋ 1960ರ ದಶಕದಿಂದ ಇರುವ ಬಡಾವಣೆ. ಗಾಳಿ ಚೆನ್ನಾಗಿ ಬೀಸುತ್ತದೆ, ಮನೆಗಳು ಹಳೆಯವು. ಕೆಳಗೆ ವಿಲೇಜಸ್ ಆಫ್ ಕಪೊಲೇ. ಅದನ್ನು ಶುರುಮಾಡಿದ್ದು ರಾಜ್ಯ ಸರ್ಕಾರವೇ. ಮರಗಳು ಬೆಳೆದು ನೆರಳು ಬಂದಿದೆ. ಸಮುದ್ರದ ಕಡೆ ಎವಾ ಬೀಚ್. ಪೂರ್ವಕ್ಕೆ ಹೊಓಪಿಲಿ. ಅಲ್ಲಿ ಸುಮಾರು 1,500 ಎಕರೆಯಲ್ಲಿ 11,750 ಮನೆಗಳ ಯೋಜನೆ ಇದೆ. ಅದು ತರಕಾರಿ ಬೆಳೆಯುತ್ತಿದ್ದ ಒಳ್ಳೆಯ ಜಮೀನು. ಅಲ್ಲಿ ಮನೆ ಕಟ್ಟಬಾರದು ಅಂತ ಪರಿಸರ ಸಂಘಟನೆ ಸಿಯೆರಾ ಕ್ಲಬ್‌ನವರು ರಾಜ್ಯದ ಸುಪ್ರೀಂ ಕೋರ್ಟ್‌ವರೆಗೂ ಹೋದರು. 2015ರ ಕೊನೆಯಲ್ಲಿ ತೀರ್ಪು ಬಡಾವಣೆಯ ಪರ ಬಂತು. ಅಲ್ಲಿ ಮನೆ ನೋಡುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ತಿನ್ನುವ ಬಹುಪಾಲು ಹಡಗಿನಲ್ಲಿ ಬರುವ ದ್ವೀಪದಲ್ಲಿ ಬೆಳೆ ಬರುತ್ತಿದ್ದ ನೆಲ ಹೋಗುವುದು ಸಣ್ಣ ವಿಷಯವಲ್ಲ. ಮನೆ ಬೇಕಾದವರ ಕಷ್ಟವೂ ಸುಳ್ಳಲ್ಲ. ಒವಾಹುವಿನಲ್ಲಿ ಒಂಟಿ ಮನೆಯ ನಡುಮಟ್ಟದ ಬೆಲೆ ಹತ್ತು ಲಕ್ಷ ಡಾಲರ್ ದಾಟಿ ಕೆಲವು ವರ್ಷಗಳೇ ಆದವು.

ರಸ್ತೆಯನ್ನು ಬೆಳಿಗ್ಗೆ ನೋಡಿ

ಮನೆ ತೋರಿಸುವುದು ಶನಿವಾರ, ಭಾನುವಾರ. ಆಗ ಹೊನೊಲುಲುವಿನಿಂದ ಅರ್ಧ ಗಂಟೆಯಲ್ಲಿ ಬಂದುಬಿಡಬಹುದು. ಅದನ್ನು ನಂಬಿ ಸಹಿ ಹಾಕಬೇಡಿ. ವಾರದ ದಿನ ಬೆಳಿಗ್ಗೆ, ನೀವು ನಿಜವಾಗಿ ಹೊರಡಬೇಕಾದ ಹೊತ್ತಿಗೆ, ಆ ಮನೆಯ ಗೇಟಿನಿಂದಲೇ ಕಾರು ತೆಗೆಯಿರಿ. ಆಫೀಸಿನ ಪಾರ್ಕಿಂಗ್‌ವರೆಗೂ ಹೋಗಿ. ಎಚ್-1 ಫ್ರೀವೇ ಒಂದೇ ಎಲ್ಲರಿಗೂ ದಾರಿ. ವಯಾಹು ದಾಟಿ ಎಚ್-2 ಬಂದು ಸೇರುವ ಕಡೆ ಕಾರುಗಳು ತೆವಳುತ್ತವೆ. ಇಲ್ಲಿನವರು ಕತ್ತಲಿರುವಾಗಲೇ ಮನೆ ಬಿಡುವುದು ಅದಕ್ಕೇ. ಬೆಳಿಗ್ಗೆ ಹೊನೊಲುಲು ಕಡೆಗೆ ಜಿಪ್ಪರ್ ಲೇನ್ ತೆರೆಯುತ್ತಾರೆ, ಅಂದರೆ ಎದುರು ದಿಕ್ಕಿನ ಒಂದು ಲೇನನ್ನು ಈ ಕಡೆಯವರಿಗೆ ಬಿಡುತ್ತಾರೆ. ಕಾರಿನಲ್ಲಿ ಜೊತೆಗೆ ಯಾರಾದರೂ ಇದ್ದರೆ ಅದರಲ್ಲಿ ಹೋಗಬಹುದು. ಗಂಡ ಹೆಂಡತಿ ಇಬ್ಬರದ್ದೂ ಒಂದೇ ದಿಕ್ಕಿನ ಕೆಲಸವಾದರೆ ದೊಡ್ಡ ಉಪಕಾರ.

ಎವಾ ಬೀಚ್ ಕಡೆಯ ಮನೆಯಾದರೆ ಫ್ರೀವೇ ಮುಟ್ಟುವ ಮೊದಲೇ ಫೋರ್ಟ್ ವೀವರ್ ರಸ್ತೆ ಇದೆ. ಆ ರಸ್ತೆಯ ಸಮಯವನ್ನು ಬೇರೆ ಬರೆದುಕೊಳ್ಳಿ. ತಿಂಗಳೂ ಮುಖ್ಯ. ಜೂನ್, ಜುಲೈನಲ್ಲಿ ಶಾಲೆಗಳಿಗೆ, ಯೂನಿವರ್ಸಿಟಿಗೆ ರಜೆ. ರಸ್ತೆ ಖಾಲಿ ಅನ್ನಿಸುತ್ತದೆ. ಆಗಸ್ಟ್ ಕೊನೆಯಲ್ಲಿ ಎಲ್ಲವೂ ಶುರುವಾಗಿರುವಾಗ ನೋಡಿದರೆ ನಿಜ ಗೊತ್ತಾಗುತ್ತದೆ.

ಒಂದು ವೇಳೆ ನಿಮ್ಮ ಕೆಲಸ ಕಪೊಲೇಯಲ್ಲೇ ಇದ್ದರೆ ಈ ಭಾಗ ಬಿಟ್ಟು ಮುಂದೆ ಓದಿ. ಎರಡನೇ ನಗರದ ಉದ್ದೇಶವೇ ಅದಾಗಿತ್ತು. ಕೋರ್ಟ್, ಸರ್ಕಾರಿ ಕಚೇರಿಗಳು, 2012ರಲ್ಲಿ ಬಂದ ಯುಎಚ್ ವೆಸ್ಟ್ ಒವಾಹು ಕ್ಯಾಂಪಸ್, 2016ರಲ್ಲಿ ತೆರೆದ ಕ ಮಕಾನ ಅಲಿಈ ಮಾಲ್, ಕೊ ಒಲೀನಾದ ಹೋಟೆಲುಗಳು ಎಲ್ಲ ಇವೆ. ಆದರೂ ಮನೆಗಳು ಬೆಳೆದಷ್ಟು ವೇಗವಾಗಿ ಕೆಲಸಗಳು ಬೆಳೆಯಲಿಲ್ಲ. ಬೆಳಗಿನ ಎಚ್-1 ನೋಡಿದರೆ ಸಾಕು, ಗೊತ್ತಾಗುತ್ತದೆ.

ರೈಲು: ಯಾವ ಸ್ಟೇಷನ್, ಎಲ್ಲಿಗೆ?

ಸ್ಕೈಲೈನ್ ರೈಲು 2023ರ ಜೂನ್ 30ರಂದು ಶುರುವಾಯಿತು. ಡ್ರೈವರ್ ಇಲ್ಲ, ಕಂಬಗಳ ಮೇಲೆ ಓಡುತ್ತದೆ. ಮೊದಲು ಈಸ್ಟ್ ಕಪೊಲೇಯಿಂದ ಅಲೋಹಾ ಸ್ಟೇಡಿಯಂವರೆಗೆ 9 ಸ್ಟೇಷನ್ ಇದ್ದವು. 2025ರ ಅಕ್ಟೋಬರ್‌ನಲ್ಲಿ ಪರ್ಲ್ ಹಾರ್ಬರ್, ಏರ್‌ಪೋರ್ಟ್ ದಾಟಿ ಮಿಡ್ಲ್ ಸ್ಟ್ರೀಟ್‌ವರೆಗೂ ಬಂತು. ಪರ್ಲ್ ಹಾರ್ಬರ್ ಬೇಸ್‌ನಲ್ಲೋ ಏರ್‌ಪೋರ್ಟ್‌ನಲ್ಲೋ ಕೆಲಸ ಮಾಡುವವರಿಗೆ ಇದು ನಿಜವಾಗಿ ಉಪಯೋಗ. ನಿಮ್ಮ ಪೆನ್ಸಿಲಿನ ಹಸಿರು ಇಲ್ಲಿಯವರೆಗೆ ಮಾತ್ರ. ಹೊನೊಲುಲು ಡೌನ್‌ಟೌನ್‌ಗೆ, ಕಕಆಕೋಗೆ ಹೋಗುವ ಭಾಗ ಹಳದಿ. ಅಲ್ಲಿ ಕೆಲಸವಿದ್ದರೆ ಮಿಡ್ಲ್ ಸ್ಟ್ರೀಟ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಹೋಲೋ ಕಾರ್ಡ್ ಒಂದೇ ರೈಲಿಗೂ ಬಸ್ಸಿಗೂ ನಡೆಯುತ್ತದೆ.

ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಹಳಿ ಶುರುವಾಗುವುದು ಕುವಾಲಕಾಯಿ ಸ್ಟೇಷನ್ನಿನಲ್ಲಿ, ಈಸ್ಟ್ ಕಪೊಲೇಯಲ್ಲಿ. ಕಪೊಲೇ ಊರಿನ ನಡುವಿಗೆ ರೈಲು ಹೋಗುವುದಿಲ್ಲ. ಮಕಕೀಲೋದಲ್ಲೋ ವಿಲೇಜಸ್‌ನಲ್ಲೋ ಮನೆ ಮಾಡಿದರೆ ಸ್ಟೇಷನ್‌ಗೆ ಬಸ್ ಅಥವಾ ಕಾರು ಬೇಕೇ ಬೇಕು. "ರೈಲಿಗೆ ಹತ್ತಿರ" ಅಂತ ಬರೆದಿದ್ದರೆ ನಡೆದು ನೋಡಿ. ಮಧ್ಯಾಹ್ನ ನಡೆಯಿರಿ. ಹೊಸ ಬೀದಿಗಳಲ್ಲಿ ಗಿಡಗಳು ಇನ್ನೂ ಭುಜದೆತ್ತರ. ಹತ್ತು ನಿಮಿಷದ ದಾರಿ ಆ ಬಿಸಿಲಿನಲ್ಲಿ ಬೇರೆಯೇ ಆಗುತ್ತದೆ.

ಮಧ್ಯಾಹ್ನ ಮೂರು ಗಂಟೆಗೆ ಗೋಡೆ ಮುಟ್ಟಿ

ಹವಾಯಿ ಅಂದರೆ ಹಸಿರು, ಮಳೆ ಅಂದುಕೊಳ್ಳುತ್ತೇವೆ ಅಲ್ವಾ? ಎವಾ ಬಯಲು ಮಳೆ ನೆರಳಿನ ಜಾಗ. ಈಶಾನ್ಯದಿಂದ ಬರುವ ಟ್ರೇಡ್ ವಿಂಡ್ ಮೋಡಗಳನ್ನು ಬೆಟ್ಟಗಳ ಆ ಕಡೆಯೇ ಸುರಿಸಿ ಬರುತ್ತದೆ. ಇಲ್ಲಿಗೆ ವರ್ಷಕ್ಕೆ ಸುಮಾರು 20 ಇಂಚು ಮಳೆ ಅಷ್ಟೇ. ಬಿಸಿಲು ಜೋರು.

ಒಮ್ಮೆ ಪರಿಚಯದ ದಂಪತಿಗಳ ಜೊತೆ ಒಂದು ಎರಡಂತಸ್ತಿನ ಮನೆ ನೋಡಲು ಹೋಗಿದ್ದೆ. ಕೆಳಗೆ ಹಾಲ್ ತಂಪಾಗಿತ್ತು, ಎಸಿ ಓಡುತ್ತಿತ್ತು. ಎಸಿ ಆಫ್ ಮಾಡಿ, ಕಿಟಕಿ ತೆಗೆದು ಇಪ್ಪತ್ತು ನಿಮಿಷ ಬಿಡಿ ಅಂತ ಕೇಳಿಕೊಂಡೆ. ಮೇಲಿನ ಪಶ್ಚಿಮದ ಕೋಣೆಗೆ ಹೋಗಿ ಗೋಡೆಗೆ ಅಂಗೈ ಇಟ್ಟರೆ ಹಿಡಿಯಲಾಗದಷ್ಟು ಬಿಸಿ. ಕಿಟಕಿ ಎರಡಿದ್ದವು, ಎರಡೂ ಒಂದೇ ಗೋಡೆಯಲ್ಲಿ. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಅದು ಅತ್ತೆ ಮಾವನಿಗೆ ಅಂತ ಅವರು ಇಟ್ಟುಕೊಂಡಿದ್ದ ಕೋಣೆ. ಅದೇ ಬೀದಿಯಲ್ಲಿ ಎದುರು ಸಾಲಿನ ಮನೆಯಲ್ಲಿ ಈಶಾನ್ಯಕ್ಕೆ ಒಂದು ಕಿಟಕಿ, ನೈಋತ್ಯಕ್ಕೆ ಒಂದು ಕಿಟಕಿ. ಎಸಿ ಇಲ್ಲದೆ ಪರದೆ ಹಾರುತ್ತಿತ್ತು. ಬೆಲೆ ಹೆಚ್ಚುಕಡಿಮೆ ಒಂದೇ.

ಹಾಗಾಗಿ ಮನೆಯ ಪ್ಲಾನ್ ನೋಡುವಾಗ ಈಶಾನ್ಯ ಯಾವ ಕಡೆ ಅಂತ ಮೊದಲು ಗುರುತು ಹಾಕಿ. ಆ ಕಡೆಯ ಗಾಳಿಯನ್ನು ಪಕ್ಕದ ಮನೆ ತಡೆಯುತ್ತದೆಯೇ ನೋಡಿ. ಪಕ್ಕದ ಸೈಟ್ ಖಾಲಿ ಇದ್ದರೆ ಅಲ್ಲಿ ಏನು ಬರುತ್ತದೆ ಅಂತ ಕೇಳಿ. ಇವತ್ತಿನ ಗಾಳಿ ಮುಂದಿನ ವರ್ಷ ಇರಲಿಕ್ಕಿಲ್ಲ.

ಗಾಳಿಯ ಜೊತೆ ವಾಸನೆಯೂ ಬರುತ್ತದೆ. ಬಯಲಿನ ನೈಋತ್ಯ ಮೂಲೆಯಲ್ಲಿ ಕ್ಯಾಂಪ್‌ಬೆಲ್ ಕೈಗಾರಿಕಾ ಪ್ರದೇಶ ಇದೆ. ಎಣ್ಣೆ ಸಂಸ್ಕರಣಾ ಘಟಕ, ಕಸ ಸುಟ್ಟು ಕರೆಂಟ್ ಮಾಡುವ ಎಚ್-ಪವರ್ ಎಲ್ಲ ಅಲ್ಲಿ. ಟ್ರೇಡ್ ವಿಂಡ್ ಇದ್ದಾಗ ಹೊಗೆ ಸಮುದ್ರದ ಕಡೆ ಹೋಗುತ್ತದೆ. ದಕ್ಷಿಣದಿಂದ ಕೋನಾ ಗಾಳಿ ಬೀಸಿದಾಗ ಲೆಕ್ಕ ತಿರುಗುತ್ತದೆ. ಎವಾ ಬೀಚ್ ಕಡೆಯಾದರೆ ಹೊನೊವುಲಿವುಲಿಯ ಕೊಳಚೆ ನೀರಿನ ಘಟಕ ಎಷ್ಟು ದೂರ, ಕೊ ಒಲೀನಾ ಕಡೆಯಾದರೆ ಬೆಟ್ಟದ ಬದಿಯ ವೈಮನಾಲೊ ಗಲ್ಚ್ ಕಸದ ಗುಂಡಿ ಎಷ್ಟು ದೂರ ಅಂತ ನಕ್ಷೆಯಲ್ಲಿ ಅಳೆಯಿರಿ. ಬೀದಿಯಲ್ಲಿ ನಾಯಿ ವಾಕಿಂಗ್ ಮಾಡಿಸುವವರನ್ನು ಕೇಳಿ. ಇಲ್ಲಿಯ ಜನ ನಿಂತು ಮಾತಾಡುತ್ತಾರೆ. ಮುಚ್ಚಿಡುವುದಿಲ್ಲ.

ಕಾಗದ ಪತ್ರ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ನೋಡಲು ಒಂಟಿ ಮನೆ, ಸುತ್ತ ಸ್ವಲ್ಪ ಅಂಗಳ, ಸ್ವಂತ ಗ್ಯಾರೇಜ್. ಆದರೆ ಕಾಗದದ ಮೇಲೆ ಅದು ಕಾಂಡೋಮಿನಿಯಂ ಆಗಿರಬಹುದು. ಇಲ್ಲಿ ಅದಕ್ಕೆ ಸಿಪಿಆರ್ ಅನ್ನುತ್ತಾರೆ. ಅಂದರೆ ನೆಲ ಪೂರ್ತಿ ನಿಮ್ಮ ಹೆಸರಿಗೆ ಪ್ರತ್ಯೇಕವಾಗಿ ಇರುವುದಿಲ್ಲ, ಪಾಲು ಇರುತ್ತದೆ. ಹೊಸ ಬಡಾವಣೆಗಳಲ್ಲಿ ಇದು ಸಾಮಾನ್ಯ. ಅದರಲ್ಲಿ ಮೋಸ ಏನಿಲ್ಲ. ಆದರೆ ತಿಳಿದು ಕೊಳ್ಳಬೇಕು.

ಮನೆ ಮಾಲೀಕರ ಅಸೋಸಿಯೇಷನ್‌ಗೆ ಕಟ್ಟುವ ತಿಂಗಳ ಫೀ ಎಷ್ಟು ಅಂತ ಒಂದು ಸಲ ಕೇಳಿದರೆ ಸಾಲದು. ಎಷ್ಟು ಅಸೋಸಿಯೇಷನ್ ಅಂತ ಕೇಳಿ. ಇಡೀ ಬಡಾವಣೆಗೆ ಒಂದು, ನಿಮ್ಮ ಗುಂಪಿನ ಮನೆಗಳಿಗೆ ಇನ್ನೊಂದು, ಹೀಗೆ ಎರಡು ಇರುವುದು ಹೆಚ್ಚು. ಎರಡರದ್ದೂ ಬಜೆಟ್, ರಿಸರ್ವ್ ಸ್ಟಡಿ (ಮುಂದಿನ ದೊಡ್ಡ ರಿಪೇರಿಗಳಿಗೆ ಎಷ್ಟು ಹಣ ಕೂಡಿಡಬೇಕು ಎಂಬ ಲೆಕ್ಕ), ಹಿಂದಿನ ಮೀಟಿಂಗ್‌ಗಳ ವರದಿ ತರಿಸಿಕೊಂಡು ಓದಿ. ವರದಿಯಲ್ಲಿ ಜನ ಯಾವುದಕ್ಕೆ ಜಗಳ ಮಾಡಿದ್ದಾರೆ ಅಂತ ನೋಡಿದರೆ ಆ ಬೀದಿಯ ಬದುಕು ಗೊತ್ತಾಗುತ್ತದೆ. ಬಹುಪಾಲು ಪಾರ್ಕಿಂಗ್ ಬಗ್ಗೆಯೇ ಇರುತ್ತದೆ. ಅಜ್ಜಿ, ಮಗ, ಸೊಸೆ, ಮೊಮ್ಮಗ ಎಲ್ಲ ಒಂದೇ ಮನೆಯಲ್ಲಿರುವುದು ಇಲ್ಲಿ ಮಾಮೂಲು. ಎಲ್ಲರಿಗೂ ಕಾರು. ರಾತ್ರಿ ಒಂಬತ್ತರ ಮೇಲೆ ಬೀದಿಗೆ ಬಂದು ಎಷ್ಟು ಜಾಗ ಉಳಿದಿದೆ ನೋಡಿ.

ಇನ್ಶೂರೆನ್ಸ್ ಕಾಗದವನ್ನೂ ಬಿಡಬೇಡಿ. ಕಾಂಡೋ ಅಸೋಸಿಯೇಷನ್ ಚಂಡಮಾರುತಕ್ಕೆ ಪೂರ್ತಿ ಮೊತ್ತದ ಪಾಲಿಸಿ ಇಟ್ಟಿದೆಯೇ ಕೇಳಿ. ಈಚಿನ ವರ್ಷಗಳಲ್ಲಿ ಪ್ರೀಮಿಯಂ ವಿಪರೀತ ಏರಿ, ಕೆಲವು ಅಸೋಸಿಯೇಷನ್‌ಗಳು ಕಡಿಮೆ ಮೊತ್ತಕ್ಕೆ ಇಳಿದವು. ಅಂಥ ಕಡೆ ಬ್ಯಾಂಕ್ ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ.

ಹೊಸ ಕಾಂಡೋವನ್ನು ಡೆವಲಪರ್‌ನಿಂದಲೇ ಕೊಳ್ಳುತ್ತಿದ್ದರೆ ಡೆವಲಪರ್ಸ್ ಪಬ್ಲಿಕ್ ರಿಪೋರ್ಟ್ ಕೊಡುತ್ತಾರೆ. ಅದು ಕೈಗೆ ಬಂದ ಮೇಲೆ 30 ದಿನದೊಳಗೆ ಒಪ್ಪಂದ ರದ್ದು ಮಾಡುವ ಹಕ್ಕು ಕಾನೂನಿನಲ್ಲಿದೆ. ದಪ್ಪ ಪುಸ್ತಕ ಅಂತ ಸುಮ್ನೆ ಸಹಿ ಹಾಕಿ ಬಿಟ್ಟುಕೊಡಬೇಡಿ. ಮುಂದೆ ಬರುವ ಹಂತಗಳು, ಯಾವುದನ್ನು ಬದಲಿಸುವ ಹಕ್ಕು ಡೆವಲಪರ್ ಇಟ್ಟುಕೊಂಡಿದ್ದಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ನಿಮ್ಮ ನಕ್ಷೆಯ ಕೆಂಪು ಗೆರೆಗಳಿಗೆ ಉತ್ತರ ಅಲ್ಲೇ ಸಿಗುವುದು.

ಕರೆಂಟ್ ದರ ಅಮೆರಿಕದಲ್ಲೇ ಅತಿ ಜಾಸ್ತಿ ಹವಾಯಿಯಲ್ಲಿ. ಹಾಗಾಗಿ ಚಾವಣಿಯ ಸೋಲಾರ್ ಬಗ್ಗೆ ಕೇಳಿ. ಪ್ಯಾನೆಲ್ ಮನೆಯವರದ್ದೋ, ಲೀಸೋ? ಲೀಸ್ ಆದರೆ ಆ ಒಪ್ಪಂದ ನಿಮ್ಮ ತಲೆಗೆ ಬರುತ್ತದೆ. ಹಳೆ ಮನೆಯಾದರೆ ಯಾವ ಸ್ಕೀಮಿನಲ್ಲಿದೆ ಅಂತಲೂ ಕೇಳಿ. ಉತ್ಪಾದನೆಗೆ ಪೂರ್ತಿ ದರ ಸಿಗುತ್ತಿದ್ದ ನೆಟ್ ಮೀಟರಿಂಗ್ 2015ರ ಅಕ್ಟೋಬರ್‌ನಲ್ಲಿ ಹೊಸಬರಿಗೆ ನಿಂತುಹೋಯಿತು.

ಇನ್ನೊಂದು ವಿಷಯ. ಹುಡುಕುವಾಗ ಕಪೊಲೇಯಲ್ಲಿ ಬಹಳ ಕಡಿಮೆ ಬೆಲೆಗೆ ಮನೆ ಕಂಡು, ಕೆಳಗೆ ಡಿಎಚ್‌ಎಚ್‌ಎಲ್ (ಹವಾಯಿಯನ್ ಹೋಮ್ ಲ್ಯಾಂಡ್ಸ್ ಇಲಾಖೆ) ಅಂತ ಇದ್ದರೆ ಅದು ನಮಗಲ್ಲ. 1921ರ ಕಾನೂನಿನಡಿ ಮೂಲ ಹವಾಯಿ ಜನರಿಗಾಗಿ ತೆಗೆದಿಟ್ಟ ನೆಲ. ಕನಿಷ್ಠ ಅರ್ಧ ಹವಾಯಿಯನ್ ರಕ್ತ ಇರುವವರಿಗೆ ವರ್ಷಕ್ಕೆ ಒಂದು ಡಾಲರ್‌ನಂತೆ 99 ವರ್ಷದ ಲೀಸ್. ಸಾವಿರಾರು ಜನ ಇನ್ನೂ ಪಟ್ಟಿಯಲ್ಲಿ ಕಾಯುತ್ತಿದ್ದಾರೆ. ಕಾಯುತ್ತಲೇ ತೀರಿಕೊಂಡವರಿದ್ದಾರೆ. ಅವರ ನೆಲದ ಪಕ್ಕದಲ್ಲಿ ನಾವು ಬಂದು ಮನೆ ಮಾಡುತ್ತಿದ್ದೇವೆ. ಇಷ್ಟು ತಿಳಿದು ಬಂದರೆ ನೆರೆಯವರ ಜೊತೆ ಮಾತಾಡುವ ರೀತಿಯೇ ಬೇರೆಯಾಗುತ್ತದೆ.

ಶಾಲೆ

ಹವಾಯಿ ಇಡೀ ರಾಜ್ಯಕ್ಕೆ ಒಂದೇ ಶಾಲಾ ಇಲಾಖೆ. ಮನೆಯ ವಿಳಾಸದ ಮೇಲೆ ಶಾಲೆ ನಿರ್ಧಾರ. ಬೆಳೆಯುವ ಊರಾದ್ದರಿಂದ ಗಡಿ ಬದಲಾಗುತ್ತದೆ. ಹೊನೊವುಲಿವುಲಿ ಮಿಡ್ಲ್ ಸ್ಕೂಲ್ 2020ರಲ್ಲಿ ಬಂತು. ಎವಾ ಬೀಚಿನ ಕ್ಯಾಂಪ್‌ಬೆಲ್ ಹೈಸ್ಕೂಲ್ ರಾಜ್ಯದ ಅತಿ ದೊಡ್ಡ ಶಾಲೆಗಳಲ್ಲಿ ಒಂದು, ಮಕ್ಕಳು ತುಂಬಿ ತುಳುಕುತ್ತಾರೆ. ಮಾರುವವರ ಮಾತು ಬೇಡ. ಮನೆಯ ವಿಳಾಸ ಹಿಡಿದು ಶಾಲೆಯ ಆಫೀಸಿಗೇ ಫೋನ್ ಮಾಡಿ.

ಅಂಗಳ, ಗೆದ್ದಲು, ದುಂಬಿ

ಬೆಟ್ಟದ ಕಡೆ ಕೆಂಪು ಮಣ್ಣು. ಬಿಳಿ ಕಾಲುಚೀಲ ಮತ್ತೆ ಬೆಳ್ಳಗಾಗುವುದಿಲ್ಲ, ಆದರೆ ಕರಿಬೇವು, ನುಗ್ಗೆ, ಬಾಳೆ ಚೆನ್ನಾಗಿ ಬರುತ್ತವೆ. ಸಮುದ್ರದ ಕಡೆ ಹೋದಂತೆ ಕೆಳಗೆ ಹವಳದ ಸುಣ್ಣಕಲ್ಲು. ಗುದ್ದಲಿ ಹಾಕಿದ ಸ್ವಲ್ಪಕ್ಕೇ ಠಣ್ ಅನ್ನುತ್ತದೆ. ಅಲ್ಲಿ ಮಣ್ಣು ತಂದು ತುಂಬಿ ಮಡಿ ಮಾಡಬೇಕು. ಸೊಪ್ಪು ತರಕಾರಿ ಬೆಳೆಯುವ ಆಸೆ ಇದ್ದವರು ಇದನ್ನು ಮೊದಲೇ ನೋಡಿ.

ಗೆದ್ದಲು ಇಲ್ಲಿ ದೊಡ್ಡ ಶತ್ರು. ಬಹುಪಾಲು ಮನೆಗಳು ಮರದವು. ಹಳೆ ಮನೆ ಕೊಳ್ಳುವಾಗ ಗೆದ್ದಲಿನ ತಪಾಸಣೆ ವರದಿ ಇಲ್ಲದೆ ಮುಂದೆ ಹೋಗಬೇಡಿ. ಕೊನೆಯ ಸಲ ಟೆಂಟ್ ಹಾಕಿ ಹೊಗೆ ಹಾಕಿಸಿದ್ದು ಯಾವಾಗ ಅಂತ ಕೇಳಿ.

ಅಂಗಳದಲ್ಲಿ ತೆಂಗಿನ ಮರ ಇದ್ದರೆ ತಲೆ ಎತ್ತಿ ಗರಿ ನೋಡಿ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ 'ವಿ' ಆಕಾರದ ಕಡಿತ ಕಂಡರೆ ಅದು ಕುರುವಾಯಿ ದುಂಬಿಯ ಕೆಲಸ. ಒಂದು ಕೊಂಬಿನ ಕಪ್ಪು ದುಂಬಿ. 2013ರಲ್ಲಿ ಮೊದಲು ಒವಾಹುವಿನಲ್ಲಿ ಕಂಡಿತು, ಈಗ ಎವಾ ಕಡೆ ಎಲ್ಲೆಲ್ಲೂ ಇದೆ. ಸುಳಿಯ ಒಳಗೆ ಕೊರೆದು ರಸ ಕುಡಿಯುತ್ತದೆ. ಮರ ಮೆಲ್ಲಗೆ ಸಾಯುತ್ತದೆ. ಗೊಬ್ಬರದ ರಾಶಿಯಲ್ಲಿ, ಕೊಳೆತ ಮರದ ಚೂರಿನಲ್ಲಿ ಮೊಟ್ಟೆ ಇಡುತ್ತದೆ. ಅದಕ್ಕೇ ಗಿಡಕ್ಕೆ ಅಂತ ಯಾರೋ ಕೊಟ್ಟ ಗೊಬ್ಬರವನ್ನು ಕಾರಿನಲ್ಲಿ ಹಾಕಿಕೊಂಡು ದ್ವೀಪದ ಇನ್ನೊಂದು ಮೂಲೆಗೆ ಒಯ್ಯಬೇಡಿ. ಇದನ್ನು ಎಷ್ಟು ಜನರಿಗೆ ಹೇಳಿದರೂ ಸಾಲದು.

ಕೀಲಿ ಕೈಗೆ ಬಂದ ಮೇಲೆ

ಎರಡು ಕೆಲಸ ತಡ ಮಾಡಬೇಡಿ. ಒಂದು, ಸುನಾಮಿ ನಕ್ಷೆಯಲ್ಲಿ ನಿಮ್ಮ ಬೀದಿ ಹುಡುಕಿ. ಎವಾ ಬೀಚ್ ಕಡೆಯವರು ಇದನ್ನು ಮನೆ ನೋಡುವಾಗಲೇ ಮಾಡಿರಬೇಕು. ಯಾವ ರಸ್ತೆ ಹಿಡಿದು ಬೆಟ್ಟದ ಕಡೆ ಹೋಗಬೇಕು ಅಂತ ಮಕ್ಕಳಿಗೂ ಗೊತ್ತಿರಲಿ. ಪ್ರತಿ ತಿಂಗಳ ಮೊದಲ ಕೆಲಸದ ದಿನ ಬೆಳಿಗ್ಗೆ 11:45ಕ್ಕೆ ಸೈರನ್ ಪರೀಕ್ಷೆ ಇರುತ್ತದೆ. ಅದು ಪರೀಕ್ಷೆ ಅಂತ ಮನೆಯ ಹಿರಿಯರಿಗೆ ಮೊದಲೇ ಹೇಳಿಡಿ.

ಇನ್ನೊಂದು ಹೋಮ್ ಎಕ್ಸೆಂಪ್ಷನ್ ಅರ್ಜಿ. ಇಡೀ ದ್ವೀಪಕ್ಕೆ ಅನ್ವಯಿಸುವ ಹೊನೊಲುಲು ನಗರಾಡಳಿತದ ಆಸ್ತಿ ತೆರಿಗೆ ವಸತಿ ಮನೆಗೆ ಸಾವಿರ ಡಾಲರ್‌ಗೆ 3.50 ಡಾಲರ್. ನೀವೇ ವಾಸವಿದ್ದರೆ ಬೆಲೆಯಲ್ಲಿ 1,20,000 ಡಾಲರ್ ಕಳೆದು ಲೆಕ್ಕ ಹಾಕುತ್ತಾರೆ. 65 ದಾಟಿದವರಿಗೆ 1,60,000. ಆದರೆ ಅದು ತಾನಾಗಿ ಬರುವುದಿಲ್ಲ. ಅರ್ಜಿ ಹಾಕಬೇಕು. ಹಾಕದಿದ್ದರೆ, ಮನೆಯ ಬೆಲೆ ಹತ್ತು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದಲ್ಲಿ, ರೆಸಿಡೆನ್ಷಿಯಲ್ ಎ ಎಂಬ ಹೆಚ್ಚಿನ ದರದ ಪಟ್ಟಿಗೆ ಸೇರಿಸಿಬಿಡುತ್ತಾರೆ, ನೀವು ಅಲ್ಲೇ ವಾಸವಿದ್ದರೂ. ಮುಂದಿನ ತೆರಿಗೆ ವರ್ಷಕ್ಕೆ ಸೆಪ್ಟೆಂಬರ್ 30ರೊಳಗೆ ಅರ್ಜಿ ಮುಟ್ಟಬೇಕು. ಕಪೊಲೇ ಹಾಲೇಯಲ್ಲಿ ನಗರಾಡಳಿತದ ಕಚೇರಿ ಇದೆ, ಕೈಯಾರೆ ಕೊಟ್ಟು ಮುದ್ರೆ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.